ಉಡಿಯಕ್ಕಿಯಲ್ಲಿ ಸಿಕ್ಕ ಹತ್ತರ ನಾಣ್ಯ

ಕೊಪ್ಪಳದ ಬಸ್ ನಿಲ್ದಾಣದ ಎದುರಿಗೆ ಪಂಪಾಪತಿಯದೊಂದು ಪಾನಂಗಡಿ ಇತ್ತು. ಅಂಗಡಿಯೆಂದರೆ ಅರಮನೆಯೇನಲ್ಲ, ನಾಲ್ಕು ಹಲಗೆ, ಮೇಲೊಂದು ತಗಡು, ನಡುವೆ ಚಕ್ಕಂಬಕ್ಕಳ ಹಾಕಿ ಕೂತ ಪಂಪಾಪತಿ, ಅಷ್ಟೇ. ಆದರೂ ಎರಡು ಸಾವಿರದ ಹದಿನೇಳನೆಯ ಇಸವಿಯಲ್ಲಿ ಆ ಹಲಗೆಗಳಿಗಿದ್ದ ಮರ್ಯಾದೆ ಯಾವ ಬ್ಯಾಂಕಿನ ಕೌಂಟರಿಗೂ ಇರಲಿಲ್ಲ. ಆ ವರ್ಷ ಹತ್ತು ರೂಪಾಯಿಯ ನಾಣ್ಯ ನಡೆಯುವುದಿಲ್ಲವೆಂಬ ಸುದ್ದಿ ಎಲ್ಲಿಂದಲೋ ಹುಟ್ಟಿ ಜಿಲ್ಲೆಯನ್ನೆಲ್ಲ ಹೊಕ್ಕಿತ್ತು. ಹತ್ತು ಗೆರೆಯದು ಖರೆ, ಹದಿನೈದು ಗೆರೆಯದು ಖೋಟಾ ಎಂದು ಒಬ್ಬ; ರೂಪಾಯಿಯ ಚಿಹ್ನೆ ಇಲ್ಲದ್ದು ಖೋಟಾ ಎಂದು ಇನ್ನೊಬ್ಬ. ಎಲ್ಲವೂ ನಡೆಯುತ್ತವೆ ಎಂದು ಬ್ಯಾಂಕಿನವರು ಬಾಯಿ ನೋಯುವಂತೆ ಹೇಳಿದರೂ ಕೇಳುವವರಾರು? ಕಾಯಿಪಲ್ಲೆಯವಳು ಒಲ್ಲೆ ಎಂದಳು, ಕಂಡಕ್ಟರು ಒಲ್ಲೆ ಎಂದ, ದೇವರ ಹುಂಡಿಯೊಂದೇ ಬೇಡವೆನ್ನಲಿಲ್ಲ.

ಅಂಥ ಹೊತ್ತಿನಲ್ಲಿ "ತರ್ರಿ ಇಲ್ಲೆ, ನೋಡೂಣು" ಎಂದು ಕೈ ಚಾಚಿದವನು ಪಂಪಾಪತಿ. ಗಡಿಯಾರ ರಿಪೇರಿಯವನಿಂದ ಕೊಂಡ ಹಳೆಯ ಭೂತಗನ್ನಡಿ, ಕೆಟ್ಟ ಸ್ಪೀಕರಿನಿಂದ ಕಿತ್ತ ಒಂದು ಆಯಸ್ಕಾಂತ, ನಾಣ್ಯವನ್ನು ಕುಟ್ಟಿ ಸದ್ದು ಕೇಳಲು ಅಂಗೈಯಗಲದ ಶಹಾಬಾದ್ ಕಲ್ಲು, ಇವಿಷ್ಟು ಅವನ ಹತಾರಗಳು. ಇಸವಿಯ ಕೆಳಗೆ ಚುಕ್ಕೆ ಇದ್ದರೆ ನೋಯ್ಡಾ ಟಂಕಸಾಲೆಯದು, ನಕ್ಷತ್ರವಿದ್ದರೆ ಹೈದರಾಬಾದಿನದು, ವಜ್ರದ ಆಕಾರವಿದ್ದರೆ ಮುಂಬೈಯದು, ಏನೂ ಇಲ್ಲದಿದ್ದರೆ ಕೋಲ್ಕತ್ತಾದ್ದು ಎಂದು ಕಾಲೇಜು ಮೆಟ್ಟಿಲು ಹತ್ತಿದವರಿಗೂ ಪಾಠ ಹೇಳುತ್ತಿದ್ದ. ಗೆರೆಯ ಸುದ್ದಿ ಬರೀ ಸುಳ್ಳು, ಎರಡೂ ಸರಕಾರದ್ದೇ ಎಂದು ಎಷ್ಟೋ ಬಡವರ ಗಂಟನ್ನು ಉಳಿಸಿಕೊಟ್ಟಿದ್ದ. ಅದು ಸುಳ್ಳಲ್ಲ, ಅವನಿಗೆ ನಿಜವಾಗಿಯೂ ಕಣ್ಣಿತ್ತು. ಆದರೆ ಕಣ್ಣಿದ್ದವನಿಗೆ ಅದರ ಜೊತೆ ಸೊಕ್ಕೂ ಬರುತ್ತದಲ್ಲ, ಅದೇ ಕಷ್ಟ.

ಪರೀಕ್ಷೆಯಲ್ಲಿ ಸೋತ ನಾಣ್ಯಗಳಿಗೆ ಅವನೊಂದು ಶಿಕ್ಷೆ ಇಟ್ಟಿದ್ದ. ಅಂಗಡಿಯ ಮುಂದಿನ ಹಲಗೆಗೆ ಅಂಟು ಹಚ್ಚಿ ಎಲ್ಲರಿಗೂ ಕಾಣುವಂತೆ ಅಂಟಿಸಿಬಿಡುತ್ತಿದ್ದ. ಹಳದಿ ಲೇಪ ಹಪ್ಪಳದಂತೆ ಎದ್ದ ಐದರದ್ದು, ಸಿಂಹಗಳ ಮುಖವೇ ಇಲ್ಲದ ಹತ್ತರದ್ದು, ಕಲ್ಲಿಗೆ ಬಿದ್ದರೆ ಠಣ್ ಅನ್ನದೆ ಸತ್ತ ಸದ್ದು ಮಾಡುವ ಎರಡರದ್ದು, ಹೀಗೆ ಏಳೆಂಟು. "ಇದನ್ನ ತಂದಾಂವ ಯಾರು ಪಂಪಣ್ಣ?" ಎಂದು ಕೇಳಿದರೆ ಹೆಸರನ್ನೂ ಹೇಳುತ್ತಿದ್ದ. ಹೆಸರು ಹೇಳಿಸಿಕೊಂಡವರು ಆ ಕಡೆ ಮತ್ತೆ ಹಾಯುತ್ತಿರಲಿಲ್ಲ.

ಪಂಪಾಪತಿಗೆ ಇಬ್ಬರು ಮಕ್ಕಳು. ಹಿರಿಯಳು ಹೇಮಾವತಿ, ಮನೆಯಲ್ಲಿ ಹೇಮಾ. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವ ಕೊಟ್ರಪ್ಪನಿಗೆ ಕೊಟ್ಟು ಆರು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಕಿರಿಯವನು ಗಾಳೇಶ, ಅವನ ಹೆಂಡತಿ ಯಲಬುರ್ಗಾದ ಲಲಿತಾ. ಮದುವೆಯಾಗಿ ವರ್ಷ ತುಂಬುವುದರೊಳಗೆ ಲಲಿತಾಳಿಗೆ ಏಳು ತಿಂಗಳು ತುಂಬಿ, ಶ್ರಾವಣ ಕಳೆದ ಮೇಲೆ ಕುಬಸದ ಕಾರ್ಯ ಇಟ್ಟುಕೊಂಡರು. ಬಸುರಿಯನ್ನು ಮಣೆಯ ಮೇಲೆ ಕೂರಿಸಿ ಐದು ಜನ ಮುತ್ತೈದೆಯರು ಉಡಿ ತುಂಬುತ್ತಾರೆ: ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಎಲೆ ಅಡಿಕೆ, ಮೇಲೊಂದು ನಾಣ್ಯ. ಉಡಿಯಲ್ಲಿ ಒಡಕು ಕಾಯಿ ಇಡಬಾರದು, ಹರಕು ಎಲೆ ಇಡಬಾರದು, ಇಟ್ಟವರ ಮನಸ್ಸೂ ಒಡಕೆಂದು ಹೆಂಗಸರು ಲೆಕ್ಕ ಹಾಕುತ್ತಾರೆ.

ಆ ದಿನ ಬೆಳಗ್ಗೆ ಗಂಗಾವತಿಯ ಬಸ್ಸಿಳಿದ ಹೇಮಾ ನೇರ ಅಪ್ಪನ ಅಂಗಡಿಗೆ ಬಂದಿದ್ದಳು. "ಅಪ್ಪಾ, ಲಲಿತಾನ ಉಡ್ಯಾಗ ಇಡಾಕ ಒಂದು ಛಲೋ ಕಾಯಿನ್ ಕೊಡು. ಲಕಲಕ ಅನ್ನಬೇಕು ನೋಡು" ಎಂದಳು. ಪಂಪಾಪತಿ ಆಗ ಯಾರಿಗೋ ಎಲೆಗೆ ಸುಣ್ಣ ಸವರುತ್ತಿದ್ದ. ಗಲ್ಲೆಯಲ್ಲಿ ಬೆರಳಾಡಿಸಿ ಹೊಸ ಹತ್ತರದೊಂದನ್ನು ಆರಿಸಿ ಅವಳ ಕೈಗಿಟ್ಟ. ಅವಳು ಅದನ್ನು ಕರ್ಚೀಪಿನ ತುದಿಗೆ ಕಟ್ಟಿಕೊಂಡು ಮನೆಗೆ ಓಡಿದಳು.

ಕಾರ್ಯ ಚೆನ್ನಾಗಿಯೇ ಆಯಿತು. ಉಡಿಯ ಅಕ್ಕಿಯನ್ನು ಲಲಿತಾ ಬಟ್ಟೆಯಲ್ಲಿ ಗಂಟು ಕಟ್ಟಿ ದೇವರ ಮುಂದಿಟ್ಟಳು. ಅದನ್ನು ಹೊರಗಿನವರಿಗೆ ಕೊಡುವ ಹಾಗಿಲ್ಲ, ಮನೆಯವರೇ ಸಿಹಿ ಮಾಡಿ ಉಣ್ಣಬೇಕು. ಐದನೆಯ ದಿನ ಪಾಯಸಕ್ಕೆಂದು ಗಂಟು ಬಿಚ್ಚಿದಾಗ, ಹಸಿ ಅರಿಷಿಣ ಬೇರಿನ ಪಸೆ ಕೂತು ಅಕ್ಕಿ ಹಳದಿಯಾಗಿತ್ತು, ಹತ್ತರ ನಾಣ್ಯದ ಅಂಚಿಗೆ ಒಂದು ಕೆಂಪು ಮಚ್ಚೆ ಬಿದ್ದಿತ್ತು. ಪಂಪಾಪತಿಯ ಹೆಂಡತಿ ಹುಲಿಗವ್ವ ಮಧ್ಯಾಹ್ನ ರೊಟ್ಟಿಯ ಗಂಟಿನ ಜೊತೆ ಆ ನಾಣ್ಯವನ್ನೂ ಅಂಗಡಿಗೆ ತಂದಳು.

"ಏನ್ರೀ, ಇದಕ್ಕೇನೋ ಕೆಂಪ ಆಗೇತಿ. ನೋಡ್ರಿ ಒಂದೀಟು."

ಅವಳು ಮನೆಯಲ್ಲೇ ತೋರಿಸಬಹುದಿತ್ತು. ಆದರೆ ಗಂಡನ ವಿದ್ಯೆಯ ಮೇಲೆ ಅವಳಿಗೂ ಅಷ್ಟು ಅಭಿಮಾನ. ಅಂಗಡಿಯ ಮುಂದೆ ಕುಷ್ಟಗಿ ಬಸ್ಸಿನ ಕಂಡಕ್ಟರ್ ಟಿಪ್ಪುಸಾಬ ಎಲೆ ಅಗಿಯುತ್ತ ನಿಂತಿದ್ದ. ಇನ್ನೂ ನಾಲ್ಕೈದು ಮಂದಿ ಪ್ರಯಾಣಿಕರಿದ್ದರು. ಮಂದಿ ಇದ್ದರೆ ಪಂಪಾಪತಿಗೆ ಭೂತಗನ್ನಡಿ ತಾನಾಗಿಯೇ ಕಣ್ಣಿಗೆ ಬರುತ್ತಿತ್ತು.

"ನೋಡ್ರಿಲ್ಲಿ" ಎಂದ. "ಮ್ಯಾಲೆ ಹಳದಿ ಪಾಲಿಶ್ ಕೊಟ್ಟಾರ, ಅದು ಕಿತ್ತು ಒಳಗಿನ ತಾಮ್ರ ಹೊರಗ ಬಂದೈತಿ. ಕೆಂಪಿನ್ಯಾಗ ಇಲ್ಲೊಂದು ಅಡ್ಡ ಗೆರಿ ನೋಡ್ರಿ, ಅಚ್ಚು ಹರದದ್ದು. ನಡುವಿನ ಬಿಳಿ ಬಿಲ್ಲಿನೂ ಒಂದು ಮಗ್ಗಲಿಗೆ ಸರದೈತಿ."

ಬಿಲ್ಲೆ ಕೂದಲೆಳೆಯಷ್ಟು ಸರಿದ ನಾಣ್ಯಗಳು ಟಂಕಸಾಲೆಯಿಂದಲೇ ಬರುತ್ತವೆ, ಅದು ತಪ್ಪೇ ಹೊರತು ಮೋಸವಲ್ಲ ಎಂದು ಬ್ಯಾಂಕಿನ ಕ್ಯಾಷಿಯರು ಒಮ್ಮೆ ಅವನಿಗೆ ಹೇಳಿದ್ದ. ಅದು ನೆನಪಿಗೆ ಬಂತು ಕೂಡ. ಆದರೆ ಎದುರಿಗೆ ನಿಂತವರು ಬಾಯಿ ತೆರೆದು ನೋಡುತ್ತಿದ್ದರು. ನೆನಪನ್ನು ಅಲ್ಲೇ ನುಂಗಿದ. ಕಲ್ಲಿಗೆ ಕುಟ್ಟಿ ಸದ್ದನ್ನೂ ಕೇಳಲಿಲ್ಲ.

"ಖೋಟಾ!" ಎಂದ. "ಬಸುರ ಹೆಣ್ಣಮಗಳ ಉಡ್ಯಾಗ ಇಂಥಾದ್ದು ಇಡತಾರಂದ್ರ ಆಕಿ ಹೊಟ್ಟಿಕಿಚ್ಚಿನಾಕೀನ ಇರಬೇಕು. ಯಾರ ಇಟ್ಟಾರ ಇದನ್ನ?"

ಹುಲಿಗವ್ವನಿಗೆ ಗೊತ್ತಿತ್ತು. ಉಳಿದ ನಾಲ್ವರು ಒಂದು, ಎರಡು ರೂಪಾಯಿಯ ನಾಣ್ಯ ಇಟ್ಟಿದ್ದರು. ಹತ್ತರದ್ದು ಇಟ್ಟವಳು ಒಬ್ಬಳೇ.

"ನಮ್ಮ ಹೇಮಾ" ಎಂದಳು.

ನಾಲಿಗೆ ಕಚ್ಚಿಕೊಳ್ಳಲು ಅದೇ ಹೊತ್ತು. ಇನ್ನೊಮ್ಮೆ ನೋಡುತ್ತೇನೆ, ಬೆಳಕು ಸಾಲದು ಎಂದಿದ್ದರೂ ಮುಗಿದುಹೋಗುತ್ತಿತ್ತು. ಪಂಪಾಪತಿಗೆ ಅದು ಹೊಳೆಯಿತು, ನಿಜ. ಆದರೆ ಟಿಪ್ಪುಸಾಬನ ಅಗಿಯುವ ಬಾಯಿ ನಿಂತದ್ದನ್ನೂ ಅವನು ಕಂಡ. ಇವನ ತಕ್ಕಡಿ ಮಗಳ ಕಡೆ ಬಾಗುತ್ತದೆಯೇ ಎಂದು ಎಲ್ಲರೂ ಕಾಯುತ್ತಿದ್ದಾರೆ ಅನಿಸಿತು. "ಯಾರಾದರೇನು? ಖೋಟಾ ಅಂದ್ರ ಖೋಟಾನ" ಎಂದವನೇ ಅಂಟು ಹಚ್ಚಿ ಹಲಗೆಗೆ ಒತ್ತಿಬಿಟ್ಟ. ಹುಲಿಗವ್ವ ರೊಟ್ಟಿಯ ಗಂಟನ್ನು ಅಲ್ಲೇ ಇಟ್ಟು ಹೊರಟುಹೋದಳು.

ಸಂಜೆ ಹೇಮಾ ಫೋನು ಮಾಡಿದಳು. ಸುದ್ದಿಗೆ ಬಸ್ಸು ಬೇಕಾಗಿರಲಿಲ್ಲ.

"ಅಪ್ಪಾ, ಅದು ನೀನ ಕೊಟ್ಟಿದ್ದಲ್ಲ? ಅವತ್ತ ಮುಂಜಾನೆ?"

"ನಾ ಕೊಟ್ಟಿದ್ದು ಬ್ಯಾರೆ ಇರಬೇಕು" ಎಂದ ಪಂಪಾಪತಿ. "ನನ್ನ ಕೈಯಾಗಿಂದ ಖೋಟಾ ಕಾಯಿನ್ ಹೋಗಂಗಿಲ್ಲ. ದಾರ್ಯಾಗ ಎಲ್ಲಿ ಅದಲುಬದಲಾತೋ ಏನೋ, ನೆನಸ್ಕೊ."

ಹೇಮಾ ಫೋನು ಇಟ್ಟುಬಿಟ್ಟಳು.

ಮಾತು ನಿಂತಿತು, ಸುದ್ದಿ ನಿಲ್ಲಲಿಲ್ಲ. ಕುಷ್ಟಗಿಗೆ ಹೋಯಿತು, ಯಲಬುರ್ಗಾಕ್ಕೆ ಹೋಯಿತು, ಹೋದಲ್ಲೆಲ್ಲ ಉಪ್ಪು ಖಾರ ಹಚ್ಚಿಸಿಕೊಂಡು ಬೆಳೆಯಿತು. ಮಕ್ಕಳಿಲ್ಲದವಳು ತಮ್ಮನ ಹೆಂಡತಿಯ ಬಸುರು ನೋಡಿ ತಾಳಲಾರದೆ ಬೇಕೆಂದೇ ಖೋಟಾ ನಾಣ್ಯ ಇಟ್ಟಳಂತೆ, ಹೆತ್ತ ಅಪ್ಪನೇ ಹಿಡಿದನಂತೆ. ಅಪ್ಪನೇ ಹೇಳಿದ ಮೇಲೆ ಇನ್ನೇನು ಸಾಕ್ಷಿ? ಹೇಮಾ ಪ್ರತಿ ಪಂಚಮಿಗೂ ಉಂಡೆ ತಿನ್ನಲು ಬರುತ್ತಿದ್ದ ತವರಿಗೆ ದೀಪಾವಳಿಗೂ ಕಾಲಿಡಲಿಲ್ಲ. ಲಲಿತಾ ತವರಿಗೆ ಹೋಗಿ ಗಂಡು ಮಗುವನ್ನು ಹೆತ್ತಳು. ಬರುವ ಸೋಮವಾರ ಯಲಬುರ್ಗಾದಲ್ಲಿ ಹೆಸರಿಡುವುದೆಂದು ಗೊತ್ತಾಯಿತು. ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ಹೇಮಾ. "ಆಕಿ ಒಲ್ಲೆ ಅಂತಾಳ್ರಿ ಮಾವಾರ" ಎಂದು ಕೊಟ್ರಪ್ಪ ಫೋನಿನಲ್ಲಿ ಮೆಲ್ಲಗೆ ಹೇಳಿದ. ಯಲಬುರ್ಗಾದ ಬೀಗರು ಅದಕ್ಕೇ ಕಾದಿದ್ದವರಂತೆ, ದೂರದ ನಂಟಿನ ಇನ್ನೊಬ್ಬಳನ್ನು ಅತ್ತೆಯಾಗಿ ಕೂರಿಸುವ ಮಾತೆತ್ತಿದರು. ಗಾಳೇಶ ಅಪ್ಪನ ಜೊತೆ ಮಾತು ಬಿಟ್ಟಿದ್ದ, ಹುಲಿಗವ್ವ ರೊಟ್ಟಿ ತಂದಿಟ್ಟು ತಿರುಗಿ ನೋಡದೆ ಹೋಗುತ್ತಿದ್ದಳು.

ಪಂಪಾಪತಿಗೆ ಕೂತರೆ ಸೇರದು, ನಿಂತರೆ ಸೇರದು. ಎಲೆ ಕಟ್ಟುತ್ತ ಅಡಿಕೆ ಹಾಕುವುದನ್ನೇ ಮರೆಯುತ್ತಿದ್ದ. ಹತ್ತು ಸಲ ಆ ಹಲಗೆಯ ಕಡೆ ನೋಡುತ್ತಿದ್ದ, ಹತ್ತು ಸಲವೂ ಕೆಂಪು ಕೆಂಪಾಗಿಯೇ ಇತ್ತು. ನಾಣ್ಯ ಸುಳ್ಳು ಹೇಳುವುದಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಮಗಳು ಸುಳ್ಳು ಹೇಳಿದಳೇ ಎಂದು ಕೇಳಿಕೊಳ್ಳುವ ಧೈರ್ಯ ಮಾತ್ರ ಆಗಲಿಲ್ಲ.

ಶುಕ್ರವಾರ ಹನ್ನೊಂದರ ಸುಮಾರಿಗೆ ಹಿಂದಿನ ಓಣಿಯ ಮಾರೆವ್ವ ಕೈಯಲ್ಲೊಂದು ತಾಟು ಹಿಡಿದು ಓಡಿಬಂದಳು. ಅವಳ ಮನೆಗೆ ಹೊಸ ಸೊಸೆ ಬಂದಿಳಿದಿದ್ದಳು, ಗಾಡಿ ಬಾಗಿಲಲ್ಲೇ ನಿಂತಿತ್ತು.

"ಪಂಪಣ್ಣ, ಒಂದೀಟು ಸುಣ್ಣ ಹಾಕು ಇದಕ್ಕ, ಲಗೂನ! ದೃಷ್ಟಿ ತೆಗಿಬೇಕು, ಮನ್ಯಾಗ ಸುಣ್ಣ ತೀರೇತಿ."

ತಾಟಿನಲ್ಲಿ ಅರಿಷಿಣದ ನೀರಿತ್ತು. ಪಂಪಾಪತಿ ಡಬ್ಬಿಯಿಂದ ಹೆಬ್ಬೆರಳಿಗೆ ಸುಣ್ಣ ಬಳಿದುಕೊಂಡು ನೀರಲ್ಲಿ ಅದ್ದಿದ. ಹಳದಿ ನೀರು ಬೆರಳಿನ ಸುತ್ತ ನೋಡನೋಡುತ್ತಿದ್ದಂತೆ ಕೆಂಪಾಯಿತು. ಹುಟ್ಟಿದಾಗಿನಿಂದ ನೋಡಿದ ಕೆಂಪು ಅದು; ತನ್ನ ಮದುವೆಯಲ್ಲಿ ನೋಡಿದ್ದ, ಮಗಳ ಮದುವೆಯಲ್ಲಿ ನೋಡಿದ್ದ. ಮಾರೆವ್ವ ತಾಟನ್ನು ಎತ್ತಿಕೊಂಡು ಓಡಿದಳು. ಪಂಪಾಪತಿಯ ಕೈ ಮಾತ್ರ ಗಾಳಿಯಲ್ಲೇ ಉಳಿಯಿತು.

ಅಡಕೊತ್ತಿನ ಅಲಗಿನಿಂದ ಹಲಗೆಯ ಮೇಲಿನ ನಾಣ್ಯವನ್ನು ಎಬ್ಬಿಸಿದ. ಭೂತಗನ್ನಡಿ ಹಿಡಿದ. ಅಂಚಿನ ಕೆಂಪು ಮಚ್ಚೆ ಹೆಬ್ಬೆರಳ ತುದಿಯ ಆಕಾರದಲ್ಲಿತ್ತು, ನಡುವೆ ಓರೆಯಾಗಿ ಒಂದು ಗೆರೆ. ತನ್ನ ಹೆಬ್ಬೆರಳನ್ನು ಪಕ್ಕಕ್ಕಿಟ್ಟ. ಎಂಟು ವರ್ಷದ ಹಿಂದೆ ಅಡಕೊತ್ತು ಕೊಯ್ದ ಗಾಯದ ಗುರುತು ಅದೇ ಓರೆಯಲ್ಲಿ ಹಾದುಹೋಗಿತ್ತು. ಅಚ್ಚು ಹರಿದದ್ದು ಎಂದು ಮಂದಿಗೆ ತೋರಿಸಿದ್ದ ಗೆರೆ ಇವನ ಬೆರಳಿನದೇ ಆಗಿತ್ತು. ಆ ದಿನ ಮುಂಜಾನೆ ಸುಣ್ಣದ ಕೈಯಲ್ಲಿ ಮಗಳಿಗೆ ನಾಣ್ಯ ಕೊಟ್ಟಿದ್ದ. ಒಣಗಿದ ಸುಣ್ಣ ಕಾಣದಷ್ಟು ತೆಳ್ಳಗಿತ್ತು, ಉಡಿಯೊಳಗಿನ ಅರಿಷಿಣದ ಪಸೆ ಅದನ್ನು ಕೆಂಪು ಮಾಡಿತ್ತು. ಗಂಟು ಬಿಚ್ಚಿದ ಹೆಂಗಸರಲ್ಲಿ ಯಾರನ್ನು ಕೇಳಿದ್ದರೂ, ಇದು ಅರಿಷಿಣ ಸುಣ್ಣದ ಕೆಂಪು ಎಂದು ಹೇಳುತ್ತಿದ್ದರೋ ಏನೋ. ಪಂಪಾಪತಿ ಖೋಟಾ ಎಂದ ಮೇಲೆ ಅವನ ಎದುರು ಹೇಳುವವರಾರು?

ಪಕ್ಕದ ಸೋಡಾ ಗಾಡಿಯಿಂದ ಅರ್ಧ ನಿಂಬೆಹಣ್ಣು ಕಿತ್ತುಕೊಂಡು ಬಂದು ನಾಣ್ಯಕ್ಕೆ ಉಜ್ಜಿದ. ಕೆಂಪು ಹಳದಿಗೆ ತಿರುಗಿತು, ತೊಳೆದಾಗ ಹಳದಿಯೂ ಹೋಯಿತು. ಕೆಳಗೆ ಅಂಚು ಒಂದಿಷ್ಟೂ ಕಿತ್ತಿರಲಿಲ್ಲ. ಕಲ್ಲಿಗೆ ಕುಟ್ಟಿದ. ಠಣ್ ಎಂದಿತು. ಬಿಳಿ ಬಿಲ್ಲೆ ಒಂದು ಮಗ್ಗುಲಿಗೆ ಸರಿದದ್ದು ಸರಿದೇ ಇತ್ತು. ಅದು ಹುಟ್ಟಿದಾಗಿನ ವಾರೆ, ಅದಕ್ಕೆ ಯಾರೂ ಏನೂ ಮಾಡುವಂತಿರಲಿಲ್ಲ.

ಮಧ್ಯಾಹ್ನ ಟಿಪ್ಪುಸಾಬ ಬಂದ. ಅಂಗಡಿಯ ಮುಂದೆ ಅವತ್ತಿನಷ್ಟೇ ಮಂದಿ ಇದ್ದರು. ಪಂಪಾಪತಿ ಎಂದೂ ಅಂಗಡಿಯಲ್ಲಿ ಎದ್ದು ನಿಂತವನಲ್ಲ, ಅವತ್ತು ನಿಂತ.

"ಎಲ್ಲಾರೂ ಕೇಳ್ರಿ. ನನ್ನ ಮಗಳು ಇಟ್ಟ ಕಾಯಿನ್ ಖರೇ ಐತಿ. ಕೆಂಪ ಆಗಿದ್ದು ನನ್ನ ಕೈ ಸುಣ್ಣದಿಂದ. ತಪ್ಪು ನಂದು."

"ಹೌದೇನ್ ಪಂಪಣ್ಣ?" ಎಂದ ಟಿಪ್ಪುಸಾಬ. "ಛಲೋ ಆತು ಬಿಡು. ಒಂದು ಎಲಿ ಕಟ್ಟು ಲಗೂನ, ಬಸ್ ಬಿಡೂ ಹೊತ್ತಾತು."

ಅಷ್ಟೇ. ಖೋಟಾ ಅಂದಾಗ ಬಾಯಿ ತೆರೆದು ನಿಂತ ಮಂದಿ, ಖರೆ ಅಂದಾಗ ಬಸ್ಸು ಹತ್ತಿದರು. ಪಂಪಾಪತಿಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಗಂಗಾವತಿಗೆ ಆಗಲೇ ಹೊರಡಬೇಕಿತ್ತು, ಬಸ್ಸು ಕಣ್ಣೆದುರೇ ನಿಂತಿತ್ತು. ಆದರೆ ಬರಿಗೈಲಿ ಮಗಳ ಮುಖ ಹೇಗೆ ನೋಡುವುದು? ಸುದ್ದಿ ಹೋದ ಊರಿಗೆಲ್ಲ ಮೊದಲು ಹೋಗಿ ಅದನ್ನು ಗುಡಿಸಿಕೊಂಡು ಬರುತ್ತೇನೆ, ಆಮೇಲೆ ಅವಳ ಮುಂದೆ ನಿಲ್ಲುತ್ತೇನೆ ಎಂದುಕೊಂಡ. ಅಂಜುಬುರುಕನ ಉಪಾಯ ಅದು. ತಾನು ಅಂಜಿದ್ದೇನೆಂದು ಅವನು ಒಪ್ಪಿಕೊಳ್ಳಲಿಲ್ಲ.

ಶನಿವಾರ ಅಂಗಡಿಗೆ ಬೀಗ ಹಾಕಿ ಕುಷ್ಟಗಿಯ ಬಸ್ಸು ಹತ್ತಿದ. ಅಲ್ಲಿ ಹುಲಿಗವ್ವನ ತಂಗಿ ಇದ್ದಳು. ಸುದ್ದಿಗೆ ಹೆಚ್ಚು ಕಾಲು ಮೂಡಿಸಿದವಳು ಅವಳೇ. ಚಹಾ ಕುಡಿಯುವ ಮೊದಲೇ ಎಲ್ಲವನ್ನೂ ಹೇಳಿ, ನಾಣ್ಯವನ್ನು ಅಂಗೈಯಲ್ಲಿಟ್ಟು ತೋರಿಸಿದ. ಅವಳು ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸು ಕೊಟ್ಟಳು.

"ಕಾಯಿನ್ ಖರೇ ಇದ್ದರ ಇರಲಿ ಬಿಡ್ರಿ ಭಾವಾರ. ಆದರೂ ಮಕ್ಕಳಿಲ್ಲದಾಕಿ ಕೈಲೆ ಯಾಕ ಹೆಸರಿಡಸ್ತೀರಿ? ಆಕಿ ಮನಸ್ಸಿನ್ಯಾಗ ಏನೈತೋ ಯಾರಿಗ್ಗೊತ್ತು?"

"ನನ್ನ ಮಗಳ ಮನಸ್ಸಿಗೆ ಏನಾಗೇತಿ? ನಾಲಿಗಿ ಹಿಡದು ಮಾತಾಡು!"

"ನನ್ನ ಮ್ಯಾಲ ಯಾಕ ಹರಿಹಾಯ್ತೀರಿ?" ಎಂದಳು ಅವಳು. "ಹೊಟ್ಟಿಕಿಚ್ಚಿನಾಕಿ ಅಂತ ಮೊದಲ ಅಂದಾವ್ರು ನೀವ ಅಲ್ರಿ?"

ಪಂಪಾಪತಿ ಚಹಾ ಮುಟ್ಟದೆ ಎದ್ದ. ಯಲಬುರ್ಗಾದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕರೂ ಹೊರಗೆ ಏನಿದೆಯೆಂದು ನೋಡಲಿಲ್ಲ. ಜೇಬಿನಲ್ಲಿ ನಾಣ್ಯವನ್ನು ತಿರುವುತ್ತಲೇ ಇದ್ದ. ಅದು ಖರೆ ಎಂದು ತೋರಿಸಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದ. ಒಂದು ಮಾತಿನಿಂದ ನಾಣ್ಯಕ್ಕೂ ಮಗಳಿಗೂ ಗಂಟು ಹಾಕಿದ್ದ; ನಾಣ್ಯ ಬಿಡಿಸಿಕೊಂಡು ಬಂತು, ಮಗಳು ಅಲ್ಲೇ ಉಳಿದಿದ್ದಳು.

ಯಲಬುರ್ಗಾದಲ್ಲಿ ಬೀಗತಿ ನೀರು ಕೊಟ್ಟಳು, ಎಲ್ಲ ಕೇಳಿದಳು, "ಹೌದೇನ್ರಿ, ಆತು ಬಿಡ್ರಿ" ಎಂದು ಮಾತು ತೇಲಿಸಿದಳು. ಇನ್ನೊಬ್ಬಳನ್ನು ಅತ್ತೆಯಾಗಿ ಕೂರಿಸುವ ಮಾತನ್ನು ವಾಪಸು ತೆಗೆದುಕೊಳ್ಳಲಿಲ್ಲ. ಒಳಗಿನ ಕೋಣೆಯಿಂದ ಲಲಿತಾ ಮಗುವನ್ನೆತ್ತಿಕೊಂಡು ಬಾಣಂತಿಯ ಬಟ್ಟೆಯಲ್ಲೇ ಬಾಗಿಲಿಗೆ ಬಂದು ನಿಂತಳು.

"ಮಾವಾರ, ನಾ ಅವತ್ತೂ ಅದನ್ನ ನಂಬಿದ್ದಿಲ್ರಿ" ಎಂದಳು. "ಅಕ್ಕಾರು ನನ್ನ ಉಡಿ ತುಂಬಿದ್ರು. ಆಮ್ಯಾಲೆ ಹಿತ್ತಲಕ್ಕ ಹೋಗಿ ಅತ್ರು. ನಾ ಹಿಂದ ಹೋಗಿ ಯಾಕ್ರಿ ಅಕ್ಕಾರ ಅಂದೆ. ನಮ್ಮ ಮನ್ಯಾಗ ಒಂದು ಕೂಸು ಆಡತೈತಲ್ಲ, ಸಂತೋಷ ಆಗೇತಿ ಅಂದ್ರು. ಬ್ಯಾರೆ ಅತ್ತಿ ಕೂತರ ನಾ ಕೂಸಿನ್ನ ತೊಟ್ಟಲಕ್ಕ ಹಾಕಂಗಿಲ್ಲ. ನಮ್ಮವ್ವಗ ನಾ ಹೇಳತೇನಿ, ನೀವು ಅಕ್ಕಾರ್ನ ಕರಕೊಂಡು ಬರ್ರಿ."

ಹೊರಗಿನಿಂದ ಬಂದ ಹುಡುಗಿಗೆ ಕಂಡದ್ದು ಹೆತ್ತವನಿಗೆ ಕಂಡಿರಲಿಲ್ಲ. ಪಂಪಾಪತಿ ತಲೆ ಬಗ್ಗಿಸಿ, ಮೊಮ್ಮಗನ ಪಾದ ಮುಟ್ಟಿ, ಕುಕನೂರಿನ ಮೇಲೆ ಹಾಯುವ ಬಸ್ಸಿಗೆ ಕೊಪ್ಪಳಕ್ಕೆ ಬಂದ.

ಭಾನುವಾರ ಗಂಗಾವತಿ. ಬೂದಗುಂಪಾ ಕ್ರಾಸ್ ದಾಟಿದ ಮೇಲೆ ಗದ್ದೆಗಳು ಶುರುವಾದವು. ಬಸ್ಸು ಎಲ್ಲೆಲ್ಲಿ ನಿಂತಿತೋ ಅಲ್ಲೆಲ್ಲ ಇಳಿದು ವಾಪಸು ಹೋಗಿಬಿಡಬೇಕು ಅನಿಸುತ್ತಿತ್ತು. ಗಿರಣಿಯ ಹಿಂದಿನ ಓಣಿಯಲ್ಲಿ ತೌಡಿನ ವಾಸನೆ ತುಂಬಿತ್ತು. ಹೇಮಾಳ ಮನೆಯ ಬಾಗಿಲು ತೆರೆದೇ ಇತ್ತು. ಅವಳು ಹೊಸ್ತಿಲ ಒಳಗೆ ಕೂತು ಹಸಿರು ಖಣದ ಬಟ್ಟೆಗೆ ಸೂಜಿ ಹಾಕುತ್ತಿದ್ದಳು. ಕೂಸಿನ ತಲೆಗೆ ಹಾಕುವ ಕುಂಚಿಗೆ. ಹೆಸರಿಡುವ ದಿನ ಸೋದರತ್ತೆ ಒಯ್ಯಬೇಕಾದದ್ದು. ಬರುವುದಿಲ್ಲ ಎಂದವಳು ಅದನ್ನು ಮುಕ್ಕಾಲು ಹೊಲಿದು ಮುಗಿಸಿದ್ದಳು.

"ಬಾ ಅಪ್ಪಾ" ಎಂದಳು. ಎದ್ದು ನೀರು ತಂದಿಟ್ಟಳು. ಮತ್ತೆ ಸೂಜಿ ಹಿಡಿದಳು.

ಪಂಪಾಪತಿ ನಾಣ್ಯವನ್ನು ಅವಳ ಮುಂದೆ ನೆಲದ ಮೇಲಿಟ್ಟ. ಸುಣ್ಣ, ಅರಿಷಿಣ, ಹೆಬ್ಬೆರಳು, ನಿಂಬೆಹಣ್ಣು, ಎಲ್ಲವನ್ನೂ ಹೇಳಿದ. ಅಂಗಡ್ಯಾಗ ಎಲ್ಲರ ಮುಂದ ಹೇಳೇನಿ, ಕುಷ್ಟಗಿಗೆ ಹೋಗಿದ್ದೆ, ಯಲಬುರ್ಗಾಕ್ಕ ಹೋಗಿದ್ದೆ ಎಂದ. ಹೇಳುತ್ತಾ ಹೇಳುತ್ತಾ ಧ್ವನಿಗೆ ಸ್ವಲ್ಪ ಬಲ ಬಂತು. ದೊಡ್ಡ ಕೆಲಸ ಮಾಡಿ ಬಂದವನ ಬಲ. ಹೇಮಾ ನಾಣ್ಯವನ್ನು ಮುಟ್ಟಲಿಲ್ಲ.

"ಗೊತ್ತೈತಿ" ಎಂದಳು. "ಕುಷ್ಟಗಿ ಚಿಗವ್ವ ಫೋನ್ ಮಾಡಿದ್ಲು. ನಿನ್ನ ಕಾಯಿನ್ ಛಲೋ ಐತಂತವಾ ಅಂದ್ಲು. ಟಿಪ್ಪುಕಾಕಾ ಬಸ್ ಸ್ಟ್ಯಾಂಡಿನ್ಯಾಗ ಇವರಿಗೆ ಸಿಕ್ಕು ಹೇಳಿದ್ನಂತ, ಕಾಯಿನ್ ಛಲೋ ಐತಿ ಅಂತ. ಈಗ ನೀನೂ ಬಂದಿ. ಎಲ್ಲಾರೂ ಕಾಯಿನ್ ಛಲೋ ಐತಿ ಅಂತೀರಿ. ಹೇಮಾ ಛಲೋ ಅದಾಳ ಅಂತ ಒಬ್ಬರೂ ಅನ್ನಂಗಿಲ್ಲ."

"ಹಂಗಲ್ಲವ್ವ, ಕಾಯಿನ್ ಖರೇ ಅಂದ ಮ್ಯಾಲೆ ನೀ..."

"ಒಂದು ಕೇಳತೇನಿ ಅಪ್ಪಾ. ಖರೇ ಹೇಳಬೇಕು ಮತ್ತ." ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿ ಇಟ್ಟಳು. "ಆ ಕಾಯಿನ್ ಖರೇನ ಖೋಟಾ ಇದ್ದಿದ್ರ? ದಾರ್ಯಾಗೋ ಎಲ್ಲೋ ನನಗ ಗೊತ್ತಿಲ್ಲದ ಬಂದಿದ್ರ? ಇವತ್ತ ನೀ ನನ್ನ ಮನಿಗೆ ಬರ್ತಿದ್ದೇನು?"

ಬಾಯ ತುದಿಗೆ ಹತ್ತು ಮಾತು ಬಂದವು. ಬರ್ತಿದ್ದೆ, ಯಾಕ ಬರ್ತಿದ್ದಿಲ್ಲ, ನೀ ನನ್ನ ಮಗಳಲ್ಲೇನು. ಅವುಗಳಲ್ಲಿ ಯಾವುದನ್ನು ಹೇಳಿದರೂ ಅವಳು ಸುಮ್ಮನಾಗುತ್ತಿದ್ದಳೇನೋ. ಪಂಪಾಪತಿ ಅವಳ ಮುಖ ನೋಡಿದ. ಎರಡು ತಿಂಗಳಲ್ಲಿ ಕಣ್ಣು ಒಳಗೆ ಹೋಗಿದ್ದವು.

"ಇಲ್ಲವ್ವ" ಎಂದ. "ಬರ್ತಿದ್ದಿಲ್ಲ."

ಹೇಮಾ ಸೆರಗಿನಿಂದ ಮುಖ ಒರೆಸಿಕೊಂಡಳು.

"ನಾಳಿ ಬರತೇನಿ" ಎಂದಳು. "ಲಲಿತಾ ಕರದಾಳ. ಕೂಸಿನ ಕಿವ್ಯಾಗ ಹೆಸರು ನಾನ ಹೇಳತೇನಿ. ನೀ ಈಗ ಹೋಗು ಅಪ್ಪಾ. ಉಣ್ಣಾಕ ಇರು ಅನ್ನಾಕ ಇವತ್ತ ನನ್ನ ಕಡಿಂದ ಆಗೂದಿಲ್ಲ."

ಮನೆಗೆ ಬಂದ ಅಪ್ಪನನ್ನು ಉಣ್ಣಿಸದೆ ಕಳಿಸುವವಳಲ್ಲ ಅವಳು. ಪಂಪಾಪತಿ ಎದ್ದ. ಓಣಿ ದಾಟಿ ರಸ್ತೆಗೆ ಬಂದು ನಿಂತ. ಕೊಪ್ಪಳದ ಬಸ್ಸೊಂದು ಬಂತು, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಅವನು ಹತ್ತಲಿಲ್ಲ. ಪಕ್ಕದ ಕಲ್ಲಿನ ಮೇಲೆ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮುದುಕಿಯೊಬ್ಬಳು ಅವನನ್ನೇ ನೋಡುತ್ತಿದ್ದಳು. ತಾನು ಅಳುತ್ತಿದ್ದೇನೆಂದು ಅವನಿಗೆ ಆಗ ಗೊತ್ತಾಯಿತು.

"ಯಾಕ್ರೀ ಯಜಮಾನ್ರ? ಏನಾತ್ರಿ?"

"ನನ್ನ ಮಗಳು ಭಾಳ ಛಲೋ ಅದಾಳ್ರಿ" ಎಂದ ಪಂಪಾಪತಿ.

ಮುದುಕಿಗೆ ಏನು ತಿಳಿಯಿತೋ. "ಹಂಗಂದ್ರ ಆಕಿಗೆ ಹೇಳ್ರಿ" ಎಂದಳು. "ನನಗ್ಯಾಕ ಹೇಳ್ತೀರಿ?"

ಮೂರನೆಯ ಬಸ್ಸು ಬಂದು ನಿಂತಿತು. ಮುದುಕಿ ಬುಟ್ಟಿ ಎತ್ತಿಕೊಂಡು ಹತ್ತಿದಳು. ಪಂಪಾಪತಿ ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡು ಗಿರಣಿಯ ಓಣಿಗೆ ವಾಪಸು ತಿರುಗಿದ.